ಹೊಳೆದಂಡೆಯ ಊರಿಗೆ ಪ್ರವಾಸಿಗರು ಬಂದಾಗ



ಕಡಲತೀರದ ಮೀನುಗಾರರ ಹಳ್ಳಿಗಳು ಪ್ರವಾಸಿಗರ ಊರುಗಳಾದ ಸಂಗತಿಯನ್ನು ನೀವು ಕೇಳಿರಬಹುದು. ಮುರ್ಡೇಶ್ವರವನ್ನು ಕಂಡುಬಂದವರು ನಿಮ್ಮಲ್ಲೂ ಇದ್ದಾರೆ. ನಮಗೆ ಸಮುದ್ರವಿಲ್ಲ. ಆದರೆ ದೇವದುರ್ಗಕ್ಕೆ ಕೃಷ್ಣೆ ಇದ್ದಾಳೆ, ಮಾನ್ವಿಗೆ ತುಂಗಭದ್ರೆ ಇದ್ದಾಳೆ. ಹೊಳೆಯ ದಂಡೆಯಲ್ಲೂ ಇಂಥ ಬದಲಾವಣೆ ಆಗುತ್ತದೆ. ಅದರಲ್ಲಿ ರೈತನಿಗೆ ಏನು ಬಂತು, ಏನು ಹೋಯಿತು ಎಂಬುದನ್ನು ಹತ್ತಿರದ ಒಂದು ಊರಿನಿಂದಲೇ ತಿಳಿಯೋಣ.

ಗಂಗಾವತಿ ತಾಲ್ಲೂಕಿನಲ್ಲಿ, ಹಂಪಿಗೆ ಎದುರಾಗಿ, ತುಂಗಭದ್ರೆಯ ನಡುವೆ ವಿರುಪಾಪುರ ಗಡ್ಡೆ ಎಂಬ ಊರಿದೆ. 1997ರಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಗುವ ತನಕ ಇದೂ ನಮ್ಮ ರಾಯಚೂರು ಜಿಲ್ಲೆಯದೇ. ಭತ್ತದ ಗದ್ದೆ, ಸುತ್ತ ಬಂಡೆಗುಡ್ಡ, ದಾಟಲು ಹರಿಗೋಲು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊರದೇಶದವರು ಹೆಚ್ಚಾಗಿ ಬರತೊಡಗಿದರು. ಹೊಳೆ ದಾಟಿ ಬಂದವರಿಗೆ ಹಸಿರು ಗದ್ದೆಯ ನೋಟ ಹಿಡಿಸಿತು. ಗದ್ದೆಯ ಅಂಚಿನಲ್ಲಿ ಗುಡಿಸಲು ಎದ್ದವು, ಆಮೇಲೆ ಹೋಟೆಲು, ರೆಸಾರ್ಟುಗಳು. ಯಾವ ಗದ್ದೆಯನ್ನು ನೋಡಲು ಜನ ಬಂದರೋ ಅದರ ಮೇಲೆಯೇ ಕಟ್ಟಡ ಕಟ್ಟಿದರು, ನೋಡಿರಿ!

ಆದರೆ ಆ ನೆಲಕ್ಕೆ ಕಾಯಿದೆಯ ಕಟ್ಟುಪಾಡು ಇತ್ತು. ಪ್ರಾಚೀನ ಸ್ಮಾರಕಗಳ 1961ರ ಕಾಯಿದೆಯಂತೆ 1988ರಲ್ಲಿಯೇ ಸರಕಾರ ಪ್ರಕಟಣೆ ಹೊರಡಿಸಿತ್ತು. 2002ರಲ್ಲಿ ಹಂಪಿ ಪ್ರಾಧಿಕಾರದ ಕಾಯಿದೆಯೂ ಆಯಿತು. ವ್ಯಾಜ್ಯ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. 2020ರ ಫೆಬ್ರವರಿ 11ರಂದು ಕಟ್ಟಡಗಳ ವಿರುದ್ಧ ತೀರ್ಪು ಬಂತು. ಮಾರ್ಚ್ ಮೊದಲ ವಾರದಲ್ಲಿ ಯಂತ್ರಗಳು ಬಂದು ಅವನ್ನು ಕೆಡವಿದವು. ಕಟ್ಟಡ ಹೋದರೆ ಗದ್ದೆ ತಾನಾಗಿ ಮರಳುವುದಿಲ್ಲ. ಕಲ್ಲು ಸಿಮೆಂಟು ತೆಗೆಯಬೇಕು, ಮಣ್ಣು ಸಮ ಮಾಡಬೇಕು, ಬದು ಹಾಕಬೇಕು. ಅದೇ ತಿಂಗಳ ಕೊನೆಗೆ ಕೊರೋನಾ ದಿಗ್ಬಂಧನವೂ ಆಗಿ ಎಲ್ಲೆಡೆ ಪ್ರವಾಸಿಗರ ಬರವು ನಿಂತಿತು. ಆಗ ಗದ್ದೆ ಉಳಿಸಿಕೊಂಡವನ ಮನೆಯಲ್ಲಿ ಅಕ್ಕಿಯಾದರೂ ಇತ್ತು.

ಹಾಗಾದರೆ ಪ್ರವಾಸಿಗರು ಬೇಡವೇ? ಹಾಗಲ್ಲ. ಪಕ್ಕದ ಆನೆಗೊಂದಿಯನ್ನು ನೋಡಿರಿ. ಅಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕೆಲಸ ಕಲಿಸಿತು. ಗೊನೆ ಕಡಿದ ಮೇಲೆ ನಾವು ಎಸೆಯುವ ದಿಂಡಿನಿಂದ ನಾರು ತೆಗೆದು ಚೀಲ, ಚಾಪೆ ಮಾಡುತ್ತಾರೆ. ಹಳೆಯ ಮನೆಗಳನ್ನೇ ರಿಪೇರಿ ಮಾಡಿ ಬಂದವರಿಗೆ ಇಳಿದುಕೊಳ್ಳಲು ಕೊಟ್ಟದ್ದೂ ಉಂಟು. ಹೀಗೆ ಮಾಡಿದರೆ ಹೊಲ ಹೊಲವಾಗಿಯೇ ಉಳಿಯುತ್ತದೆ. ಪ್ರವಾಸಿಗರು ಬಾರದ ವರ್ಷ ನಷ್ಟವಾದರೂ ಅದು ತಡೆದುಕೊಳ್ಳುವಂಥದು.

ನಮ್ಮಲ್ಲಿಯೂ ರಾಯಚೂರು ತಾಲ್ಲೂಕಿನ ಕುರುವಪುರಕ್ಕೆ ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆಂದು ಪರರಾಜ್ಯದವರೂ ಬರುತ್ತಾರೆ. ದೇವದುರ್ಗ ತಾಲ್ಲೂಕಿನ ಗೂಗಲ್‌ನಲ್ಲಿ ಕೃಷ್ಣೆಯ ದಂಡೆಗೆ ಭಕ್ತರು ಸೇರುತ್ತಾರೆ. ಬಂದವರಿಗೆ ಊಟ ಬೇಕು, ಹಾಲು ಮೊಸರು ಬೇಕು. ಜೋಳದ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಹೆಣ್ಣುಮಕ್ಕಳ ಕೈಯಲ್ಲೇ ಇವೆ. ಸ್ವಸಹಾಯ ಸಂಘದವರು ಇದನ್ನು ಮೊದಲು ಹಬ್ಬ ಜಾತ್ರೆಗಳ ದಿನಗಳಲ್ಲಿ ಮಾಡಿ ನೋಡಬಹುದು. ಬಂಡವಾಳ ಸ್ವಲ್ಪ ಸಾಕು.

ಹೊಳೆದಂಡೆಯ ಹೊಲವನ್ನು ಯಾರಾದರೂ ವಸತಿಗೃಹಕ್ಕೆಂದು ಲಾವಣಿಗೆ ಕೇಳಿದರೆ ಮುಂಗಡದ ಹಣ ಮುಟ್ಟುವ ಮೊದಲು ಪಹಣಿ ಹಿಡಿದುಕೊಂಡು ತಹಶೀಲ್ದಾರರ ಕಚೇರಿಗೆ ಹೋಗಿರಿ. ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನ ಪ್ರಕಾರ ಪರಿವರ್ತನೆ ಆಗಬೇಕು. ಪಂಚಾಯತಿಯ ಚೀಟಿಯೊಂದನ್ನೇ ನಂಬಬೇಡಿರಿ. ಹತ್ತಿರ ಹಳೆಯ ಗುಡಿ, ಕೋಟೆ, ಶಾಸನ ಇದ್ದರೆ ಪುರಾತತ್ತ್ವ ಇಲಾಖೆಯನ್ನೂ ವಿಚಾರಿಸಿರಿ. ಲಾವಣಿ ಮುಗಿದಾಗ ಕಟ್ಟಡ ತೆಗೆದು ನೆಲ ಸಮ ಮಾಡಿಕೊಡುವ ಖರ್ಚು ಯಾರದೆಂದು ಕರಾರಿನಲ್ಲಿ ಬರೆಸಿರಿ. ಆ ಮಾತನ್ನು ಬರೆದುಕೊಡಲು ಹಿಂದೆಗೆಯುವವನಿಗೆ ಹೊಲ ಕೊಡಬೇಡಿರಿ.