ವಿಮಾನ ಇತ್ತು, ವಾಯುಪಡೆ ಇರಲಿಲ್ಲ

ಸಣ್ಣ ರಾಜ್ಯದ ವಾಯುಪಡೆಗೆ ಏನೇನು ಬೇಕು? ಮೊದಲೇ ಎಚ್ಚರಿಸೋ ರೇಡಾರ್, ತಡೆಯೋ ಫೈಟರ್, ಸಾಮಾನು ಸಾಗಿಸೋ ವಿಮಾನ, ರಿಪೇರಿ ಮಾಡೋ ಕೈಗಳು.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1948ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಬೇಗಂಪೇಟೆ ವಿಮಾನ ನಿಲ್ದಾಣ, ಡೆಕ್ಕನ್ ಏರ್‌ವೇಸ್ ಕಂಪನಿ ಎರಡೂ ಇದ್ದವು. ಮಹಾಯುದ್ಧಗಳಲ್ಲಿ ನಿಜಾಮರು ಬ್ರಿಟಿಷರ ವಿಮಾನಗಳಿಗೆ ದುಡ್ಡು ಕೊಟ್ಟಿದ್ದರು. ಬ್ರಿಟನ್ನಿನ 110 ಮತ್ತು 152ನೇ ಸ್ಕ್ವಾಡ್ರನ್‌ಗಳ ಹೆಸರಲ್ಲೇ 'ಹೈದರಾಬಾದ್' ಇತ್ತು. ಸ್ವಂತಕ್ಕೆ ಮಾತ್ರ ಫೈಟರ್ ಸ್ಕ್ವಾಡ್ರನ್ ಇರಲಿಲ್ಲ.

1948ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕದ್ದು ಶಸ್ತ್ರಾಸ್ತ್ರ ತಂದಿಳಿಸಿದ. ಅದು ಸಾಗಣೆ ಅಷ್ಟೇ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂದಾಗ, ಟೆಂಪೆಸ್ಟ್ ವಿಮಾನಗಳನ್ನು ಆಕಾಶದಲ್ಲಿ ತಡೆಯೋರೇ ಇರಲಿಲ್ಲ. 17ಕ್ಕೆ ನಿಜಾಮರು ಶರಣಾದರು. ನಮ್ಮ ನಾಲ್ಕೂ ತಾಲೂಕುಗಳಿಗೆ ಆ ದಿನವೇ ವಿಮೋಚನೆ.