ಓದಿ ಹೇಳುವ ಕಂಪ್ಯೂಟರಿಗೆ ಮೈಕು ಹಚ್ಚುವುದು



ಸಂಘದ ಪಂಚಸೂತ್ರಗಳು ನಮಗೆಲ್ಲ ಬಾಯಿಪಾಠ ಇವೆ: ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪತ್ರ. ಈ ಐದನೆಯದು ಬಂದಾಗ ಕಣ್ಣು ಕಾಣದ ಸದಸ್ಯೆಯನ್ನು ನಾವು ಬದಿಗೆ ಕೂಡಿಸುತ್ತೇವೆ. "ಪಾಪ, ಆಕೀಗೆ ಕಾಣಂಗಿಲ್ಲ, ಆಕಿ ಏನ್ ಬರೀತಾಳ?" ಅನ್ನುತ್ತೇವೆ. ಆಕೆ ಬರೆಯಬಲ್ಲಳು, ಸಭೆಯ ನಡಾವಳಿ ಸಿದ್ಧ ಮಾಡಬಲ್ಲಳು. ಅದಕ್ಕೆ ಬೇಕಾದ ಸಾಧನಗಳಲ್ಲಿ ಒಂದು ಯುಎಸ್‌ಬಿ ಮೈಕು. ಅದನ್ನು ಹಚ್ಚುವುದು ಹೇಗೆ ಎಂಬುದು ಈ ಸಲದ ಪಾಠ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿರಿ, ಎಲ್ಲರೂ ಕೇಳಿರಿ.

1. ಓದಿ ಹೇಳುವ ಕಂಪ್ಯೂಟರ್ ಎಂದರೇನು?

ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಲ್ಲಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಕಣ್ಣು ಕಾಣದವರು ಮೌಸ್ ಹಿಡಿಯುವುದಿಲ್ಲ. ಕೀಬೋರ್ಡಿನ ಕೀ ಒತ್ತುತ್ತಾ, ಕಿವಿಯಿಂದ ಕೇಳುತ್ತಾ ಕೆಲಸ ಮಾಡುತ್ತಾರೆ. ಇಂಥದ್ದರಲ್ಲಿ ಎನ್‌ವಿಡಿಎ ಎಂಬುದು ಪೂರಾ ಉಚಿತ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಶುರು ಮಾಡಿದರು, ಜೇಮ್ಸ್ ಟೆ ಅವರ ಜೊತೆಗೂಡಿದರು. ಇಬ್ಬರೂ ಕಣ್ಣು ಕಾಣದವರೇ. ಅದರೊಳಗೆ ಬರುವ ಇ-ಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ಯಂತ್ರದ ಹಾಗೆ ಐತಿ, ನಾಲ್ಕು ದಿನ ಕೇಳಿದರೆ ಕಿವಿಗೆ ರೂಢಿ ಆಗತೈತಿ.

ನಮ್ಮ ರಾಜ್ಯದಲ್ಲಿ ಈ ದಾರಿ ಹೊಸದಲ್ಲ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯನ್ನು 1990ರಲ್ಲಿ ಕಟ್ಟಿದ ಮಧು ಸಿಂಘಲ್ ಅವರಿಗೂ ಕಣ್ಣು ಕಾಣುವುದಿಲ್ಲ. ಅಲ್ಲಿ ಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸಿ ಕೊಡುವ ಕೆಲಸ ನಡೆಯುತ್ತದೆ, ಕಂಪ್ಯೂಟರನ್ನೂ ಕಲಿಸುತ್ತಾರೆ.

2. ಮೈಕು ಯಾಕೆ ಬೇಕು?

ಸಭೆಯ ಮಾತು ಮುದ್ರಿಸಿ, ಆಮೇಲೆ ಕೇಳಿ ನಡಾವಳಿ ಬರೆಯಲು ಬೇಕು. ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ, ಅದಕ್ಕೂ ಬೇಕು. ವಿಡಿಯೋ ಕರೆಯ ತರಬೇತಿಗೆ ಬೇಕು. ನಮ್ಮ ಹಿರಿಯರ ಸೋಬಾನೆ ಪದ, ಬೀಸುಕಲ್ಲಿನ ಪದ ಮುದ್ರಿಸಿ ಇಡಲಿಕ್ಕೂ ಬೇಕು. ಯುಎಸ್‌ಬಿ ಮೈಕಿನೊಳಗೆ ಅದರದೇ ಸೌಂಡ್ ಕಾರ್ಡ್ ಇರುತ್ತದೆ. ಬೇರೆ ಯಂತ್ರ ಬೇಡ, ವೈರು ಚುಚ್ಚಿದರೆ ಸಾಕು.

3. ಮೊದಲು ಕೈಯಿಂದ ಮುಟ್ಟಿ ನೋಡುವುದು

ಮೈಕನ್ನು ಆಕೆಯ ಕೈಗೇ ಕೊಡಿರಿ. ನಾಲ್ಕು ಸಂಗತಿ ಹುಡುಕಬೇಕು:

• ಯಾವ ಕಡೆ ಮಾತಾಡಬೇಕು? ಕೆಲವು ಮೈಕಿಗೆ ತುದಿಯಲ್ಲಿ, ಕೆಲವಕ್ಕೆ ಮಗ್ಗುಲಲ್ಲಿ ಮಾತಾಡಬೇಕು.
• ಹೆಡ್‌ಫೋನ್ ಚುಚ್ಚುವ ತೂತು ಇದೆಯೇ?
• ಧ್ವನಿ ಹೆಚ್ಚು-ಕಡಿಮೆ ಮಾಡುವ ತಿರುಗಣಿ ಇದೆಯೇ?
• ಧ್ವನಿ ಬಂದ್ ಮಾಡುವ ಬಟನ್ ಎಲ್ಲಿದೆ? ಇದು ಬಂದ್ ಇದೆಯೋ ಚಾಲೂ ಇದೆಯೋ ಎಂದು ಬಹಳ ಮೈಕುಗಳು ದೀಪದ ಬಣ್ಣದಿಂದ ಮಾತ್ರ ತೋರಿಸುತ್ತವೆ. ದೀಪ ಕಾಣದವರು ಒಂದು ಸಣ್ಣ ಮಾತು ಮುದ್ರಿಸಿ ಕೇಳಿಯೇ ತಿಳಿಯಬೇಕು.

4. ಚುಚ್ಚಿದ ಕೂಡಲೇ ಕಂಪ್ಯೂಟರ್ ಮೂಕಾದರೆ?

ಇದೇ ಈ ಪಾಠದ ಮುಖ್ಯ ಮಾತು. ಮೈಕು ಚುಚ್ಚುತ್ತಲೇ ಸ್ಕ್ರೀನ್ ರೀಡರ್ ಒಮ್ಮೆಲೇ ಸುಮ್ಮನಾಗಬಹುದು. ಕಣ್ಣು ಕಾಣುವವರಿಗೆ ಪರದೆ ಇದ್ದೇ ಇರುತ್ತದೆ. ಕಿವಿಯನ್ನೇ ನಂಬಿದವರಿಗೆ ಇದು ಪೂರಾ ಕತ್ತಲೆ. "ಕೆಟ್ಟೇ ಹೋತು" ಎಂದು ಹೆದರಿ ಅಲ್ಲಿಗೇ ಕೈಬಿಡುವವರು ಇರುತ್ತಾರೆ.

ಕೆಟ್ಟಿಲ್ಲ. ಹೆಡ್‌ಫೋನ್ ತೂತು ಇರುವ ಮೈಕನ್ನು ಕಂಪ್ಯೂಟರ್ "ಹೊಸ ಸ್ಪೀಕರೂ ಬಂತು" ಎಂದು ತಿಳಿದು ಧ್ವನಿಯನ್ನೆಲ್ಲ ಅದರ ಕಡೆ ತಿರುಗಿಸಿರುತ್ತದೆ. ಆ ತೂತಿನಲ್ಲಿ ಏನೂ ಚುಚ್ಚಿಲ್ಲ, ಹಾಗಾಗಿ ಏನೂ ಕೇಳಿಸುವುದಿಲ್ಲ. ಹೀಗೆ ಮಾಡ್ರಿ:

ಮೊದಲನೆಯದು: ಮೈಕಿನ ತೂತಿಗೆ ಹೆಡ್‌ಫೋನ್ ಚುಚ್ಚಿರಿ. ಹೆಚ್ಚಾಗಿ ಮಾತು ಅಲ್ಲೇ ಸಿಗುತ್ತದೆ.

ಎರಡನೆಯದು: ಹೆಡ್‌ಫೋನ್ ಇಲ್ಲದಿದ್ದರೆ ಮೈಕಿನ ವೈರು ಕಿತ್ತಿರಿ. ಧ್ವನಿ ಹಳೆಯ ಸ್ಪೀಕರಿಗೆ ಮರಳುತ್ತದೆ. ಆಗಲೂ ಬಾರದಿದ್ದರೆ ಕಂಟ್ರೋಲ್, ಆಲ್ಟ್, ಎನ್ ಈ ಮೂರನ್ನು ಕೂಡಿಸಿ ಒತ್ತಿರಿ. ಎನ್‌ವಿಡಿಎ ಹೊಸದಾಗಿ ಶುರುವಾಗುತ್ತದೆ.

ಮೂರನೆಯದು: ಧ್ವನಿ ಸದಾ ಒಂದೇ ಕಡೆ ಬರಬೇಕೆಂದರೆ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಯು ಒತ್ತಿರಿ. ಹೊಸ ಆವೃತ್ತಿಗಳಲ್ಲಿ ಆಡಿಯೋ ಸೆಟ್ಟಿಂಗ್ ತೆರೆಯುತ್ತದೆ. ಅಲ್ಲಿ ನಿಮ್ಮ ಸ್ಪೀಕರ್ ಹೆಸರನ್ನು ಆರಿಸಿರಿ. ಇನ್ನು ಮೇಲೆ ಮೈಕು ಚುಚ್ಚಿದರೂ ಮಾತು ಓಡಿಹೋಗುವುದಿಲ್ಲ.

5. ಮೈಕನ್ನು ಆರಿಸುವುದು

ವಿಂಡೋಸ್ ಕೀ ಮತ್ತು ಆರ್ ಒತ್ತಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಎಂ, ಎಂ, ಎಸ್, ವೈ, ಎಸ್, ಒಂದು ಚುಕ್ಕೆ, ಸಿ, ಪಿ, ಎಲ್ ಎಂದು ಬರೆದು ಎಂಟರ್ ಒತ್ತಿರಿ. ಸೌಂಡ್ ಎಂಬ ಕಿಟಕಿ ತೆರೆಯುತ್ತದೆ. ಕಂಟ್ರೋಲ್ ಮತ್ತು ಟ್ಯಾಬ್ ಒಮ್ಮೆ ಒತ್ತಿದರೆ "ರೆಕಾರ್ಡಿಂಗ್" ಪುಟ. ಪಟ್ಟಿ ಕೇಳಿಸದಿದ್ದರೆ ಟ್ಯಾಬ್ ಒತ್ತುತ್ತಾ ಹೋಗಿರಿ. ಕೆಳಬಾಣದಿಂದ ಒಂದೊಂದೇ ಹೆಸರು ಕೇಳಿ, ಯುಎಸ್‌ಬಿ ಎಂದು ಬಂದಲ್ಲಿ ನಿಲ್ಲಿರಿ. ಟ್ಯಾಬ್‌ನಿಂದ "ಸೆಟ್ ಡಿಫಾಲ್ಟ್" ಬಟನ್ನಿಗೆ ಹೋಗಿ ಸ್ಪೇಸ್ ಒತ್ತಿರಿ. ಅದು ಆಗಲೇ ಡಿಫಾಲ್ಟ್ ಆಗಿದ್ದರೆ ಈ ಬಟನ್ ಸಿಗದಿರಬಹುದು, ಚಿಂತೆ ಬೇಡ.

ಅದೇ ಕಿಟಕಿಯ "ಪ್ರಾಪರ್ಟೀಸ್" ಬಟನ್ ಒತ್ತಿ, ಕಂಟ್ರೋಲ್ ಮತ್ತು ಟ್ಯಾಬ್‌ನಿಂದ "ಲೆವೆಲ್ಸ್" ಪುಟಕ್ಕೆ ಹೋದರೆ ಧ್ವನಿಯ ಮಟ್ಟ ಸಿಗುತ್ತದೆ. ಬಾಣದ ಕೀಗಳಿಂದ 70-80ಕ್ಕೆ ಇಟ್ಟು ಮುದ್ರಿಸಿ ನೋಡಿರಿ. ಒಡೆದು ಕೇಳಿಸಿದರೆ ಇಳಿಸಿರಿ, ಸಣ್ಣಗೆ ಕೇಳಿಸಿದರೆ ಏರಿಸಿರಿ.

ಎಲ್ಲ ಸರಿ ಇದ್ದೂ ಏನೂ ಮುದ್ರಣ ಆಗದಿದ್ದರೆ? ವಿಂಡೋಸ್ ಕೀ ಮತ್ತು ಐ ಒತ್ತಿ, ಪ್ರೈವಸಿ ಭಾಗದಲ್ಲಿ ಮೈಕ್ರೋಫೋನ್ ಹುಡುಕಿ, ಅನುಮತಿಯನ್ನು "ಆನ್" ಮಾಡಿರಿ.

6. ನಮ್ಮ ಮನೆಗಳಲ್ಲಿ ಮುದ್ರಿಸುವಾಗ

ಬನಹಟ್ಟಿ-ರಬಕವಿ ಎಂದರೆ ನೇಕಾರರ ಊರು. ಪವರ್‌ಲೂಮಿನ ಸದ್ದು ಗೋಡೆ ದಾಟಿ ಬರುತ್ತದೆ. ಬಹಳ ಮೈಕುಗಳು ಎದುರಿನ ಮಾತನ್ನು ಹೆಚ್ಚು, ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತವೆ. ಮೈಕಿನ ಬೆನ್ನು ಮಗ್ಗದ ಕಡೆ, ಮುಖ ನಿಮ್ಮ ಕಡೆ ಇರಲಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಸಾಕು. ಫ್ಯಾನಿನ ಗಾಳಿ ಮೈಕಿಗೆ ಬಡಿಯದಂತೆ ನೋಡಿಕೊಳ್ಳಿರಿ. ಕೆಳಗೆ ಮಡಚಿದ ಟವೆಲ್ ಹಾಸಿದರೆ ಮೇಜಿನ ಅದುರು ಮೈಕಿಗೆ ತಾಗುವುದು ಕಡಿಮೆ.

ಹೆಡ್‌ಫೋನ್ ಹಾಕಿಕೊಂಡೇ ಮುದ್ರಿಸಬೇಕು. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಆಡುವ ಮಾತೂ ಮುದ್ರಣದೊಳಗೆ ಸೇರುತ್ತದೆ, ಟೈಪ್ ಮಾಡಿಸುವಾಗ ಅದೂ ಅಕ್ಷರವಾಗಿ ಬಂದುಬಿಡಬಹುದು. ಮಾತು ನಡುವೆ ನಿಲ್ಲಿಸಲು ಕಂಟ್ರೋಲ್ ಕೀ ಒಂದನ್ನೇ ಒತ್ತಿದರೆ ಸಾಕು. ಬ್ಯಾಂಕಿನ ಖಾತೆ ಸಂಖ್ಯೆ, ಓಟಿಪಿ ಇವನ್ನೂ ಸ್ಕ್ರೀನ್ ರೀಡರ್ ಗಟ್ಟಿಯಾಗಿ ಹೇಳುತ್ತದೆ. ಆ ಕಾರಣಕ್ಕೂ ಹೆಡ್‌ಫೋನ್ ಬೇಕು.

ಸಭೆ ಮುದ್ರಿಸುವ ಮೊದಲು ಎಲ್ಲರ ಒಪ್ಪಿಗೆ ಕೇಳಬೇಕು. ಯಾರ ಸಾಲ, ಯಾರ ಕಷ್ಟ ಎಂಬ ಮಾತು ಸಂಘದ ಹೊರಗೆ ಹೋಗಬಾರದು.

7. ನಾವು ಹೇಗೆ ಸಹಾಯ ಮಾಡಬೇಕು?

"ಕೊಡವಾ ಇಲ್ಲೆ, ನಾ ಮಾಡ್ತೀನಿ" ಎಂದು ಕೀಬೋರ್ಡ್ ಕಸಿದುಕೊಂಡರೆ ಕೆಲಸ ಐದು ನಿಮಿಷದಲ್ಲಿ ಮುಗಿಯಬಹುದು. ನಾಳೆ ವೈರು ಕಳಚಿದರೆ ಆಕೆ ಮತ್ತೆ ನಮ್ಮ ದಾರಿ ಕಾಯಬೇಕು. ಒಂದು ತಾಸು ಹಿಡಿದರೂ ಆಕೆಯೇ ಮಾಡಲಿ, ನಾವು ಬಾಯಿಂದ ಹೇಳೋಣ. "ಅಲ್ಲಿ ಒತ್ತು, ಇಲ್ಲಿ ಒತ್ತು" ಅಂದರೆ ತಿಳಿಯುವುದಿಲ್ಲ, ಕೀಯ ಹೆಸರನ್ನೇ ಹೇಳಬೇಕು. ಆಕೆ ಕೇಳದೆ ವೈರು, ಮೈಕು ಜಾಗ ಬದಲಿಸಬಾರದು.

ಕಣ್ಣು ಕಾಣದವರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್ ಸೇರಿ ಎಲ್ಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2008ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬ್ಯಾಂಕು ನಂಬಬೇಕಾದ ಆಕೆಯನ್ನು ನಮ್ಮ ಸಂಘ ಮೊದಲು ನಂಬಲಿ.

ನೆನಪಿಡಿರಿ
• ಧ್ವನಿ ನಿಂತರೆ ಕಂಪ್ಯೂಟರ್ ಕೆಟ್ಟಿದೆ ಎಂದಲ್ಲ, ಧ್ವನಿ ಬೇರೆ ಕಡೆ ಹೋಗಿದೆ.
• ಮೊದಲು ಹೆಡ್‌ಫೋನ್, ಆಮೇಲೆ ಮೈಕು.
• ಮುಖ್ಯ ಕೆಲಸಕ್ಕೆ ಮುಂಚೆ ಅರ್ಧ ನಿಮಿಷ ಮುದ್ರಿಸಿ ಕೇಳಿರಿ.

ಚರ್ಚೆಗೆ ಪ್ರಶ್ನೆಗಳು
1. ನಮ್ಮ ಸಂಘದಲ್ಲಿ, ಓಣಿಯಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆ? ಅವರು ಸಂಘಕ್ಕೆ ಯಾಕೆ ಬಂದಿಲ್ಲ?
2. ಸಂಘದ ಯಾವ ಕೆಲಸವನ್ನು ಅವರಿಗೆ ವಹಿಸಬಹುದು?
3. ಮೈಕು, ಹೆಡ್‌ಫೋನ್ ಕೊಳ್ಳಲು ಸಂಘದ ಉಳಿತಾಯದಿಂದ ಸಾಲ ಕೊಡಬಹುದೇ?

ಮುಂದಿನ ಸಭೆಯೊಳಗೆ: ಗ್ರಾಮ ಪಂಚಾಯ್ತಿ ಇರುವ ಊರಿನವರು ಅಲ್ಲಿಯ ವಿ.ಆರ್.ಡಬ್ಲ್ಯು. ಕಾರ್ಯಕರ್ತರನ್ನು ಕಂಡು, ಅಂಗವಿಕಲರಿಗೆ ಸಿಗುವ ಸಾಧನ ಸಲಕರಣೆಗಳ ಬಗ್ಗೆ ಕೇಳಿಕೊಂಡು ಬರ್ರಿ. ಒಂದು ಸಭೆಯ ನಡಾವಳಿಯನ್ನು ಕಣ್ಣು ಕಾಣದ ಸದಸ್ಯೆಯ ಕೈಯಿಂದಲೇ ಬರೆಸಿ, ಎಲ್ಲರೂ ಕೂಡಿ ಕೇಳೋಣ.