ಪುಣೆಯ ಕ್ವಾಂಟಂ ಹಬ್: ಎರಡು ಮಿಷನ್‌ಗಳ ನಡುವೆ

2006ರಲ್ಲಿ ಆರಂಭವಾದ ಪುಣೆಯ ಐಸರ್ ಸಂಸ್ಥೆಯಲ್ಲಿ ಐ-ಹಬ್ ಕ್ವಾಂಟಂ ಟೆಕ್ನಾಲಜಿ ಫೌಂಡೇಶನ್ ಕೆಲಸ ಮಾಡುತ್ತಿದೆ. ಭೌತವಿಜ್ಞಾನಿಗಳು, ಗಣಿತಜ್ಞರು, ಎಂಜಿನಿಯರುಗಳು ಒಟ್ಟಾಗಿ ದುಡಿಯದೆ ಈ ಕ್ಷೇತ್ರ ಮುಂದೆ ಸಾಗದು. ಸಾಮಾನ್ಯ ಕಂಪ್ಯೂಟರಿನ ಬಿಟ್ 0 ಅಥವಾ 1 ಮಾತ್ರ. ಕ್ವಾಂಟಂ ಕಂಪ್ಯೂಟರಿನ ಕ್ಯೂಬಿಟ್ ಎರಡರ ಸೂಪರ್‌ಪೊಸಿಷನ್ ಸ್ಥಿತಿಯಲ್ಲೂ ಇರಬಲ್ಲದು. ಸುತ್ತಲಿನ ಶಾಖ, ಅಡಚಣೆಗಳಿಗೆ ಆ ಸ್ಥಿತಿ ಬೇಗನೆ ಕೆಡುತ್ತದೆ. ಅದನ್ನು ಕಾಪಾಡುವುದೇ ಸಂಶೋಧಕರ ದೊಡ್ಡ ಸವಾಲು.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಈ ಹಬ್ ಯಾವ ಮಿಷನ್‌ಗೆ ಸೇರಿದ್ದು ಎಂಬಲ್ಲಿ. ಪುಣೆಯ ಹಬ್ ಹುಟ್ಟಿದ್ದು 2018ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ, 3,660 ಕೋಟಿ ರೂಪಾಯಿಯ ಅಂತರಶಿಸ್ತೀಯ ಸೈಬರ್-ಫಿಸಿಕಲ್ ಸಿಸ್ಟಮ್ಸ್ ಮಿಷನ್ ಅಡಿಯಲ್ಲಿ. ರಾಷ್ಟ್ರೀಯ ಕ್ವಾಂಟಂ ಮಿಷನ್ ಬೇರೆಯೇ: ಒಪ್ಪಿಗೆ 2023ರ ಏಪ್ರಿಲ್ 19, ಮೊತ್ತ 6,003.65 ಕೋಟಿ, ಅವಧಿ 2030-31ರವರೆಗೆ. ಎರಡನ್ನೂ ನಡೆಸುವುದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ.

ರಾಷ್ಟ್ರೀಯ ಕ್ವಾಂಟಂ ಮಿಷನ್‌ನ ನಾಲ್ಕು ಥೀಮ್ಯಾಟಿಕ್ ಹಬ್‌ಗಳಲ್ಲಿ ಪುಣೆ ಇಲ್ಲ. ಕಂಪ್ಯೂಟಿಂಗ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಂವಹನ ಐಐಟಿ ಮದ್ರಾಸಿಗೆ, ಸೆನ್ಸಿಂಗ್ ಮತ್ತು ಮಾಪನವಿಜ್ಞಾನ ಐಐಟಿ ಬಾಂಬೆಗೆ, ವಸ್ತು ಮತ್ತು ಸಾಧನಗಳು ಐಐಟಿ ದೆಹಲಿಗೆ. ಈ ಜೋಡಿಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಹೊಂದಿಸಿ ಬರೆಯುವ ಪ್ರಶ್ನೆಗೆ ಹೇಳಿ ಮಾಡಿಸಿದಂತಿವೆ.

ಪುಣೆಯ ಡಿಜಿಟಲ್ ಪರಂಪರೆಯೂ ಹಳೆಯದೇ. ವಿಜಯ್ ಭಾಟ್ಕರ್ ನೇತೃತ್ವದಲ್ಲಿ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರನ್ನು ರೂಪಿಸಿದ್ದು ಇಲ್ಲಿಯೇ.